ಬಾಗಿಲು, ಬೀಗ ಮತ್ತು ಅಮಾನತ್

ನಾವು ಹುಟ್ಟಿ ಬೆಳೆದ ಮನೆಗೆ ಬೀಗವೇ ಇರಲಿಲ್ಲ ಎಂದರೆ ಇಂದಿನ ನಮ್ಮ ಮಕ್ಕಳು ನಂಬುವುದಿಲ್ಲ. ನೇತ್ರಾವತಿಯ ದಡದ ಹಳ್ಳಿಯಲ್ಲಿ ಹೆಂಚಿನ ಮಾಡಿನ ಮನೆ. ಹಲಸಿನ ಮರದ ದಪ್ಪ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಒಂದು ಅಗುಳಿ, ಹೊರಗೊಂದು ಚಿಲಕ. ಮದುವೆಗೋ ಮರಣದ ಮನೆಗೋ ಹೋಗಬೇಕಾದಾಗ ಉಮ್ಮ ಹೊರಗಿನ ಚಿಲಕ ಸಿಕ್ಕಿಸಿ, ನೆರೆಮನೆಯ ಅಂಗಳದಲ್ಲಿ ನಿಂತು, ‘ನಾವು ಹೋಗಿ ಬರುತ್ತೇವೆ, ಮನೆ ಕಡೆ ಒಂದು ಕಣ್ಣಿರಲಿ’ ಎಂದು ಹೇಳಿ ಹೊರಡುತ್ತಿದ್ದರು. ಅದೇ ನಮ್ಮ ಮನೆಯ ಬೀಗವಾಗಿತ್ತು.

ಹಾಗೆಂದು ಉಮ್ಮ ಬಾಗಿಲಿನ ವಿಷಯದಲ್ಲಿ ಅಜಾಗರೂಕರಾಗಿದ್ದರೆಂದು ಯಾರೂ ಭಾವಿಸಬಾರದು. ಮಗ್ರಿಬ್‌ನ ಬಾಂಗ್ ಕೇಳುವ ಮೊದಲೇ ಅಂಗಳದಲ್ಲಿ ಆಡುತ್ತಿದ್ದ ನಮ್ಮನ್ನೆಲ್ಲ ಹೆಸರು ಹಿಡಿದು ಕರೆದು ಒಳಸೇರಿಸುತ್ತಿದ್ದರು. ರಾತ್ರಿ ಮಲಗುವ ಮುನ್ನ ಬಿಸ್ಮಿ ಹೇಳಿ ಅಗುಳಿ ಹಾಕುವುದು, ನೀರಿನ ಮಡಕೆಗೆ ಮುಚ್ಚಳವಿದೆಯೇ ಎಂದು ಕೈಯಾಡಿಸಿ ನೋಡುವುದು, ಕೊನೆಯದಾಗಿ ಚಿಮಿಣಿ ದೀಪವನ್ನು ಊದಿ ಆರಿಸುವುದು, ಈ ಕ್ರಮ ಒಂದು ದಿನವೂ ತಪ್ಪುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಉಮ್ಮನಿಗೆ ಇದನ್ನು ಅವರ ಉಮ್ಮ ಕಲಿಸಿದ್ದರು. ನಾವದನ್ನು ಹಳ್ಳಿಯ ಹೆಂಗಸರ ಒಂದು ರೂಢಿಯೆಂದೇ ತಿಳಿದಿದ್ದೆವು.

ಮುಂದೆ ದರ್ಸ್‌ಗೆ ಸೇರಿ, ಉಸ್ತಾದರ ಎದುರು ಕುಳಿತು ಹದೀಸ್ ಗ್ರಂಥ ಓದುತ್ತಿದ್ದಾಗ ಜಾಬಿರ್(ರ)ರವರ ಒಂದು ವರದಿ ಬಂತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಅದು. ಕತ್ತಲಾವರಿಸುವ ಹೊತ್ತಿಗೆ ಮಕ್ಕಳನ್ನು ಒಳಗಿರಿಸಿಕೊಳ್ಳಬೇಕು, ಅಲ್ಲಾಹನ ನಾಮ ಸ್ಮರಿಸಿ ಬಾಗಿಲು ಮುಚ್ಚಬೇಕು, ನೀರಿನ ತೊಗಲಚೀಲದ ಬಾಯಿ ಕಟ್ಟಬೇಕು, ಪಾತ್ರೆಗಳನ್ನು ಮುಚ್ಚಬೇಕು, ಏನೂ ಸಿಗದಿದ್ದರೆ ಅದರ ಮೇಲೆ ಏನನ್ನಾದರೂ ಅಡ್ಡ ಇಡಬೇಕು, ದೀಪ ಆರಿಸಬೇಕು ಎಂದು ಪ್ರವಾದಿ(ಸ)ರು ಅದರಲ್ಲಿ ಬೋಧಿಸಿದ್ದಾರೆ. ಮುಚ್ಚಿದ ಬಾಗಿಲನ್ನು ಶೈತಾನನು ತೆರೆಯಲಾರನೆಂದೂ ತಿಳಿಸಿದ್ದಾರೆ. ಓದುತ್ತಿದ್ದಂತೆ ನಮ್ಮ ಕಣ್ಣು ತುಂಬಿ ಬಂತು. ನಾವು ರೂಢಿಯೆಂದು ಭಾವಿಸಿದ್ದು ಹದಿನಾಲ್ಕು ಶತಮಾನ ದಾಟಿ ಬಾಯಿಂದ ಬಾಯಿಗೆ ಬಂದ ಸುನ್ನತ್ ಆಗಿತ್ತು.

ಬಾಗಿಲು ಹಾಕುವುದು ಅಪನಂಬಿಕೆಯ ಲಕ್ಷಣವಲ್ಲವೇ, ಕಾಯುವವನು ಅಲ್ಲಾಹನಲ್ಲವೇ ಎಂದು ಕೆಲವರು ಕೇಳುವುದುಂಟು. ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬರ್ಥದ ಉತ್ತರ ಕೊಟ್ಟವರು ನಮ್ಮ ಪ್ರವಾದಿ(ಸ)ರು. ಅನಸ್(ರ)ರಿಂದ ತಿರ್ಮಿದಿಯಲ್ಲಿ ಅದು ವರದಿಯಾಗಿದೆ. ಬೀಗ ಹಾಕುವುದು ಒಂಟೆಯನ್ನು ಕಟ್ಟಿದಂತೆ, ಬಿಸ್ಮಿ ಹೇಳುವುದು ತವಕ್ಕುಲ್. ಎರಡೂ ಒಂದೇ ಕೈಯಿಂದ, ಒಂದೇ ಗಳಿಗೆಯಲ್ಲಿ ಆಗಬೇಕಾದ ಕೆಲಸಗಳು. ಇದನ್ನು ನಾವು ಇಪ್ಪತ್ತು ವರ್ಷಗಳಿಂದ ಮದ್ರಸದ ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಕಲಿಸಿದ್ದನ್ನು ಸ್ವತಃ ಎಷ್ಟು ಮರೆತಿದ್ದೆವು ಎಂಬುದನ್ನು ಹೇಳಿಕೊಳ್ಳಲೆಂದೇ ಈ ಬರಹ.

ಈಗ ನಾವಿರುವುದು ಪೇಟೆಯ ಅಂಚಿನ ತಾರಸಿ ಮನೆಯಲ್ಲಿ. ಮನೆ ಕಟ್ಟಿ ಹದಿನೈದು ವರ್ಷಗಳಾದವು. ಪಕ್ಕದ ಮನೆಯಲ್ಲಿ ಬೀಡಿ ಕಟ್ಟಿ ಮಗನನ್ನು ಓದಿಸಿದ ಒಬ್ಬ ಹಿಂದೂ ತಾಯಿ ಇದ್ದಾರೆ. ನಮಗೆಲ್ಲ ಅವರು ‘ಅಕ್ಕ’. ಈ ಮನೆಗೆ ಬೀಗ ಬಂದರೂ ಉಮ್ಮ ತಮ್ಮ ಹಳೆಯ ಪದ್ಧತಿ ಬಿಡಲಿಲ್ಲ. ಎಲ್ಲರೂ ಹೊರಗೆ ಹೊರಟಾಗ ಬೀಗದಕೈ ಅಕ್ಕನ ಕೈಗೆ. ಪೆರ್ನಾಲಿಗೆ ನಾವು ಊರಿಗೆ ಹೋದರೆ ನಮ್ಮ ಕೋಳಿಗೆ ಕಾಳು ಹಾಕುವುದು, ಸಂಜೆ ಹೊರಗಿನ ಲೈಟು ಉರಿಸುವುದು ಅಕ್ಕನ ಕೆಲಸ. ಅವರು ಮಗಳ ಮನೆಗೆ ಹೋದಾಗ ಅವರ ಬೀಗದಕೈ ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು.

ಐದು ವರ್ಷಗಳ ಹಿಂದೆ ನಮ್ಮ ರಸ್ತೆಯ ಕೊನೆಯ ಮನೆಗೆ ಕಳ್ಳರು ನುಗ್ಗಿದರು. ಮನೆಯವರೆಲ್ಲ ಮದುವೆಗೆ ಹೋಗಿದ್ದ ರಾತ್ರಿ ಹಿಂಬಾಗಿಲು ಮೀಟಿ ಮಗಳಿಗೆಂದು ಮಾಡಿಸಿಟ್ಟಿದ್ದ ಚಿನ್ನವನ್ನು ಒಯ್ದರು. ಆ ವಾರವೇ ಇಡೀ ರಸ್ತೆಯಲ್ಲಿ ವೆಲ್ಡಿಂಗ್ ಸದ್ದು. ನಾವೂ ಸಿಟೌಟಿಗೆ ಕಬ್ಬಿಣದ ಗ್ರಿಲ್ ಹಾಕಿಸಿದೆವು. ಹಿಂಬಾಗಿಲಿಗೆ ಒಳಗಿನಿಂದಲೂ ಬೀಗ ಜಡಿದೆವು. ಗೋಡೆಯ ಮೂಲೆಗೆ ಸಿಸಿಟಿವಿ ಕ್ಯಾಮರಾ ಬಂತು. ಇದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಇನ್ನೊಂದು ಕಡೆ. ಹೊಸ ಬೀಗಕ್ಕೆ ಮೂರು ಬೀಗದಕೈಗಳು ಬಂದಿದ್ದವು. ಒಂದನ್ನೂ ನಾವು ಅಕ್ಕನಿಗೆ ಕೊಡಲಿಲ್ಲ. ‘ಅಕ್ಕನಿಗೊಂದು ಕೊಡುವುದಿಲ್ಲವೇ?’ ಎಂದು ಉಮ್ಮ ಕೇಳಿದಾಗ, ‘ಕಾಲ ಮೊದಲಿನಂತಿಲ್ಲ ಉಮ್ಮಾ’ ಎಂದುಬಿಟ್ಟೆವು. ಅಕ್ಕ ಏನೂ ಕೇಳಲಿಲ್ಲ. ಮುಂದಿನ ಸಲ ಮಗಳ ಮನೆಗೆ ಹೋಗುವಾಗ ತಮ್ಮ ಬೀಗದಕೈಯನ್ನು ಅವರೂ ಇತ್ತ ತರಲಿಲ್ಲ.

ಕೆಲವು ದಿನಗಳ ನಂತರ ಅವರ ಮಗ ಸಂಕೋಚದಿಂದ ನಮ್ಮ ಬಳಿ ಬಂದರು. ‘ಉಸ್ತಾದರೇ, ಬೇಸರ ಮಾಡಬೇಡಿ. ನಿಮ್ಮ ಕ್ಯಾಮರಾ ನಮ್ಮ ಬಾವಿಕಟ್ಟೆಯನ್ನೂ ನೋಡುತ್ತದೆ. ಅಮ್ಮ ಅಲ್ಲಿ ಬಟ್ಟೆ ಒಗೆಯಲು ಹೋಗುವುದನ್ನೇ ಬಿಟ್ಟಿದ್ದಾರೆ’ ಎಂದರು. ಮೊಬೈಲ್ ತೆರೆದು ನೋಡಿದರೆ ನಿಜ, ಚಿತ್ರದ ಅರ್ಧ ಭಾಗ ಅವರ ಅಂಗಳವೇ ಆಗಿತ್ತು. ನಾಚಿಕೆಯಿಂದ ನಮ್ಮ ತಲೆ ತಗ್ಗಿತು. ಇತರರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂಬ ಸೂರಃ ಅನ್ನೂರ್‌ನ 27ನೇ ಆಯತನ್ನು ಅದೇ ತಿಂಗಳು ತರಗತಿಯಲ್ಲಿ ಪಾಠ ಮಾಡಿದ್ದೆವು. ಬಾಗಿಲ ಸಂದಿಯಿಂದ ಒಳಗೆ ಇಣುಕಿದವನ ಮೇಲೆ ಪ್ರವಾದಿ(ಸ)ರು ಎಷ್ಟು ಕೋಪಗೊಂಡರು, ಅನುಮತಿ ಕೇಳುವ ನಿಯಮವಿರುವುದೇ ಕಣ್ಣಿನ ಕಾರಣಕ್ಕೆ ಎಂದು ಹೇಗೆ ತಿಳಿಸಿದರು ಎಂಬುದನ್ನು ವಿವರಿಸಿದ್ದೆವು. ಪ್ರವಾದಿ(ಸ)ರು ಯಾರದೇ ಮನೆಗೆ ಹೋದರೂ ಬಾಗಿಲಿಗೆ ನೇರವಾಗಿ ನಿಲ್ಲದೆ ಬಲಕ್ಕೋ ಎಡಕ್ಕೋ ಸರಿದು ನಿಲ್ಲುತ್ತಿದ್ದರು, ಆ ಕಾಲದ ಬಾಗಿಲುಗಳಿಗೆ ಪರದೆ ಇರಲಿಲ್ಲವೆಂದು ಅಬೂದಾವೂದ್‌ನಲ್ಲಿದೆ. ನಾವಾದರೋ ನೆರೆಯವರ ಅಂಗಳದ ಕಡೆಗೆ ಹಗಲೂ ರಾತ್ರಿಯೂ ಮುಚ್ಚದ ಒಂದು ಕಣ್ಣನ್ನು ನೆಟ್ಟು ಕೂರಿಸಿದ್ದೆವು. ಅಂದೇ ಕ್ಯಾಮರಾವನ್ನು ನಮ್ಮ ಗೇಟಿನ ಕಡೆಗೆ ತಿರುಗಿಸಿ, ಅಕ್ಕನ ಬಳಿ ಹೋಗಿ ಕ್ಷಮೆ ಕೇಳಿದೆವು. ಆದರೂ ಬೀಗದಕೈಯ ಮಾತು ನಮ್ಮ ಬಾಯಿಂದ ಬರಲಿಲ್ಲ.

ಅದು ಬಂದದ್ದು ಕಳೆದ ಮಳೆಗಾಲದ ಒಂದು ರಾತ್ರಿಯ ನಂತರ.

ಅಂದು ಸಂಜೆಯಿಂದ ಗಾಳಿ ಮಳೆ, ಕರೆಂಟು ಇರಲಿಲ್ಲ. ಎದುರಿನ ಕೋಣೆಯಲ್ಲಿ ಮಲಗುವ ಉಮ್ಮನ ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚಿಟ್ಟಿದ್ದೆವು. ನಡುರಾತ್ರಿ ಕಳೆದ ಮೇಲೆ ಉಮ್ಮನ ಕೆಮ್ಮು, ಅದರ ಹಿಂದೆಯೇ ಕೂಗು. ಓಡಿ ಹೋಗಿ ನೋಡಿದರೆ ಜಾರಿ ಬಿದ್ದ ಹೊದಿಕೆಯ ಅಂಚಿಗೆ ಕಿಡಿ ತಾಗಿ ಚಾಪೆ, ಹಾಸಿಗೆ ಎರಡೂ ಹೊಗೆಯಾಡುತ್ತಿದ್ದವು. ಹತ್ತಿಯ ಹಾಸಿಗೆಯ ಹೊಗೆ ಎಂಥದ್ದೆಂದು ಕಂಡವರೇ ಬಲ್ಲರು. ಉಮ್ಮನನ್ನು ಎತ್ತಿಕೊಂಡು ಬಾಗಿಲು ತೆರೆದು ಸಿಟೌಟಿಗೆ ಬಂದೆವು. ಎದುರಿಗೆ ಗ್ರಿಲ್, ಅದಕ್ಕೆ ಬೀಗ. ಕಳ್ಳರ ಭಯದಿಂದ ಬೀಗದಕೈ ಇಡುವ ಜಾಗವನ್ನು ನಾವು ಆಗಾಗ ಬದಲಿಸುತ್ತಿದ್ದೆವು. ಅಂದು ಅದನ್ನು ಎತ್ತಿಟ್ಟದ್ದು ಮನೆಯಾಕೆ ಎಂದು ನಾವು, ನಾವೆಂದು ಅವರು. ಹಿಂಬಾಗಿಲಿನದೂ ಅದೇ ಗೊಂಚಲಿನಲ್ಲಿ. ಕತ್ತಲೆ, ಹೊಗೆ, ಮಕ್ಕಳ ಅಳು.

ಕೂಗು ಕೇಳಿ ಮೊದಲು ಬಂದವರು ಅಕ್ಕ ಮತ್ತು ಅವರ ಮಗ. ಮಗನ ಕೈಯಲ್ಲಿ ಟಾರ್ಚು, ಅಕ್ಕನ ಸೊಂಟದಲ್ಲಿ ತುಂಬಿದ ಕೊಡಪಾನ. ಗ್ರಿಲ್‌ನ ಸರಳುಗಳ ನಡುವೆ ಕೊಡಪಾನ ತೂರದು. ಮಳೆಯಲ್ಲಿ ನೆನೆಯುತ್ತ ನಿಂತು ಅವರು ಕೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ‘ಉಸ್ತಾದರೇ, ಬೀಗದಕೈ ಎಲ್ಲಿ?’

ಅಲ್ಲಾಹನು ಕಾಪಾಡಿದನು. ಬಚ್ಚಲಿನ ಬಕೆಟುಗಳ ನೀರು ಸುರಿದು ಬೆಂಕಿ ಆರಿಸಿದೆವು. ಉಮ್ಮನ ಕೈಬೆರಳುಗಳು ಸುಟ್ಟದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಬೀಗದಕೈ ಸಿಕ್ಕಿದ್ದು ಬೆಂಕಿ ಆರಿದ ಮೇಲೆ, ಮೊಳೆಗೆ ತೂಗುಹಾಕಿದ್ದ ನಮ್ಮದೇ ಅಂಗಿಯ ಜೇಬಿನಲ್ಲಿ. ಗ್ರಿಲ್ ತೆರೆದಾಗ ಅಕ್ಕ ಮೊದಲು ಉಮ್ಮನ ಕೈ ಹಿಡಿದರು. ಎಪ್ಪತ್ತು ದಾಟಿದ ಉಮ್ಮ ಅವರ ಹೆಗಲಿಗೆ ತಲೆಯಿಟ್ಟು ಮಗುವಿನಂತೆ ಅತ್ತರು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಸುಬ್‌ಹಿಯ ತನಕ ಜಾಬಿರ್(ರ)ರ ಹದೀಸೇ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಬಾಗಿಲು ಮುಚ್ಚಲು ಹೇಳಿದ ಅದೇ ಉಸಿರಿನಲ್ಲಿ ದೀಪ ಆರಿಸಲೂ ಹೇಳಲಾಗಿತ್ತು. ಇಲಿಯೊಂದು ಬತ್ತಿಯನ್ನೆಳೆದು ಮನೆಯವರ ಸಮೇತ ಮನೆಯನ್ನು ಸುಟ್ಟುಬಿಡಬಹುದೆಂಬ ಎಚ್ಚರಿಕೆಯೂ ಹದೀಸ್‌ಗಳಲ್ಲಿದೆ. ಮದೀನಾದಲ್ಲಿ ಒಂದು ಮನೆ ರಾತ್ರಿ ಹೊತ್ತು ಹೊತ್ತಿ ಉರಿದ ಸುದ್ದಿ ತಲುಪಿದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ನಂದಿಸಿರಿ ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ತಾಕೀತು ಮಾಡಿದ್ದನ್ನು ಅಬೂಮೂಸಾ(ರ) ವರದಿ ಮಾಡಿದ್ದಾರೆ. ಹೊರಗಿನ ಶತ್ರುವಿಗೆ ಮೂರು ಬೀಗ ಜಡಿದ ನಾವು ಒಳಗಿನ ಶತ್ರುವನ್ನು ಉಮ್ಮನ ಮಂಚದ ಕೆಳಗೆ ಹಚ್ಚಿಟ್ಟು ಮಲಗಿದ್ದೆವು. ಹದೀಸ್‌ನ ಅರ್ಧವನ್ನು ಪಾಲಿಸಿ ಅರ್ಧವನ್ನು ಬಿಟ್ಟಿದ್ದೆವು.

ಬೀಗದಕೈಯ ಮಾತೇ ಬೇರೆ. ಅದು ಅಮಾನತ್‌ಗೆ ಸೇರಿದ್ದು. ಹಿಜರಿ 8ರಲ್ಲಿ ಮಕ್ಕಾ ವಿಜಯದ ದಿನ ಕಅಬಾದ ಬೀಗದಕೈ ಪ್ರವಾದಿ(ಸ)ರ ಕೈಗೆ ಬಂತು. ಅದನ್ನು ತಮ್ಮವರಿಗೆ ಕೊಡಬೇಕೆಂಬ ಬೇಡಿಕೆಯೂ ಬಂತು. ಆದರೆ ಅವರು ಅದನ್ನು ಮೊದಲಿನಿಂದಲೂ ಅದರ ಹೊಣೆ ಹೊತ್ತಿದ್ದ ಮನೆತನದ ಉಸ್ಮಾನ್ ಬಿನ್ ತಲ್ಹಾ(ರ)ರಿಗೇ ಮರಳಿಸಿದರು. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬ ಸೂರಃ ಅನ್ನಿಸಾದ 58ನೇ ಆಯತನ್ನು ವಿವರಿಸುವಾಗ ಮುಫಸ್ಸಿರ್‌ಗಳು ಈ ಘಟನೆಯನ್ನು ನೆನಪಿಸುತ್ತಾರೆ. ಇಂದಿಗೂ ಆ ಬೀಗದಕೈ ಬನೂ ಶೈಬಾ ಎಂಬ ಅದೇ ವಂಶದವರಲ್ಲಿದೆ. ಇನ್ನೊಂದೆಡೆ, ಬಲಿಷ್ಠರ ಗುಂಪಿಗೂ ಹೊರಲು ಭಾರವಾಗುವಷ್ಟು ಬೀಗದಕೈಗಳಿದ್ದ ಖಾರೂನನ ಕಥೆಯನ್ನೂ ಕುರ್‌ಆನ್ ಹೇಳುತ್ತದೆ. ಅವನು ಮನೆ ಸಮೇತ ಭೂಮಿಯೊಳಗೆ ಹುದುಗಿಹೋದಾಗ ಆ ಬೀಗಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ನೆರೆಯವನು ಯಾರ ಕೇಡಿನಿಂದ ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಪ್ರವಾದಿ(ಸ)ರು ಆಣೆಯಿಟ್ಟು ಹೇಳಿದ್ದನ್ನು ನಾವು ಎಷ್ಟೋ ಬಾರಿ ಮಿಂಬರಿನ ಕೆಳಗೆ ಕುಳಿತು ಕೇಳಿದ್ದೇವೆ. ಕಾರಣವಿಲ್ಲದೆ ಶಂಕಿಸುವುದೂ ಆ ಕೇಡಿನಲ್ಲಿ ಒಂದಲ್ಲವೇ? ಹತ್ತು ವರ್ಷ ನಮ್ಮ ಬೀಗದಕೈ ಕಾದವರನ್ನು ಒಂದು ಕಳ್ಳತನದ ನಂತರ ದೂರವಿಟ್ಟೆವು. ಆ ಕಳ್ಳತನಕ್ಕೂ ಅವರಿಗೂ ಏನು ಸಂಬಂಧ? ನಮ್ಮ ಕರಾವಳಿಯಲ್ಲಿ ಈಚೆಗೆ ಬೀಸುತ್ತಿರುವ ಗಾಳಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಆ ಗಾಳಿಯಲ್ಲಿ ಒಂದಿಷ್ಟು ನಮ್ಮ ಮನೆಯೊಳಗೂ ಬಂದಿತ್ತು ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಬೆಂಕಿ ಬೇಕಾಯಿತು.

ಮರುದಿನ ಒಂದು ಬೀಗದಕೈ ಹಿಡಿದು ಅಕ್ಕನ ಮನೆಗೆ ಹೋದೆವು. ಅವರು ತಕ್ಷಣ ಕೈಚಾಚಲಿಲ್ಲ. ‘ಬೇಡ ಉಸ್ತಾದರೇ, ನಾಳೆ ಏನಾದರೂ ಕಾಣದೆ ಹೋದರೆ ನನ್ನ ಮೇಲೆ ಬರುತ್ತದೆ. ನೀವು ಹೇಳದಿದ್ದರೂ ಊರು ಹೇಳುತ್ತದೆ’ ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಹಿಂದಿನಿಂದ ನಿಧಾನವಾಗಿ ಬಂದ ಉಮ್ಮ ಬಟ್ಟೆ ಸುತ್ತಿದ ಕೈಯಿಂದಲೇ ಬೀಗದಕೈ ತೆಗೆದುಕೊಂಡು ಅಕ್ಕನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು. ಅಕ್ಕ ಒಳಗೆ ಹೋಗಿ ತಮ್ಮ ಮನೆಯ ಬೀಗದಕೈ ತಂದು ಉಮ್ಮನಿಗೆ ಕೊಟ್ಟರು. ಅದೀಗ ಅಡುಗೆಮನೆಯ ಹಳೆಯ ಮೊಳೆಯಲ್ಲಿದೆ.

ಪ್ರಿಯ ಓದುಗರೇ, ಬೀಗ ಹಾಕಿರಿ, ಗಟ್ಟಿಯಾದದ್ದನ್ನೇ ಹಾಕಿರಿ. ಚಿನ್ನವನ್ನು ಮನೆಯಲ್ಲಿ ಕೂಡಿಡಬೇಡಿರಿ. ಹಲವು ದಿನ ಊರು ಬಿಡುವಾಗ ನೆರೆಯವರಿಗೂ ಠಾಣೆಗೂ ತಿಳಿಸಿರಿ, ಪ್ರಯಾಣದ ಚಿತ್ರಗಳನ್ನು ಹಿಂತಿರುಗಿದ ಮೇಲೆ ಹಂಚಿಕೊಳ್ಳಿರಿ. ಒಳಗಿನಿಂದ ಹಾಕಿದ ಬೀಗದಕೈಗೆ ಒಂದೇ ಜಾಗವಿರಲಿ. ಕಿಟಕಿಯಿಂದ ಕೈಗೆಟುಕದ, ಆದರೆ ಕತ್ತಲಲ್ಲಿ ಮಕ್ಕಳಿಗೂ ಸಿಗುವ ಜಾಗ. ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್, ಸೊಳ್ಳೆಬತ್ತಿ, ಇಸ್ತ್ರಿಪೆಟ್ಟಿಗೆ ಇವನ್ನೆಲ್ಲ ನೋಡಿರಿ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಲು ಮಕ್ಕಳಿಗೆ ಕಲಿಸಿರಿ. ಆಯತುಲ್ ಕುರ್ಸಿ ಓದಿ ಮಲಗಿರಿ. ರಮಳಾನಿನ ಝಕಾತ್ ಕಾಯುತ್ತಿದ್ದ ಅಬೂಹುರೈರಾ(ರ)ರು ಮೂರು ರಾತ್ರಿ ಬಂದ ಕಳ್ಳನಿಂದಲೇ ಅದರ ಮಹತ್ವ ತಿಳಿದ ಪ್ರಸಂಗವನ್ನು ಮಕ್ಕಳಿಗೆ ಹೇಳಿರಿ. ಇಷ್ಟೆಲ್ಲ ಮಾಡಿದ ಮೇಲೆ, ನಿಮ್ಮ ಬೀಗದಕೈ ನಂಬಿ ಕೊಡಬಹುದಾದ ನೆರೆಮನೆಯೊಂದು ಇದೆಯೇ ಎಂದು ಯೋಚಿಸಿರಿ. ನೆರೆಯವರು ತಮ್ಮದನ್ನು ನಂಬಿ ಕೊಡುವಂತೆ ನಾವಿದ್ದೇವೆಯೇ ಎಂಬುದನ್ನು ಅದಕ್ಕಿಂತ ಮೊದಲು ಯೋಚಿಸಿರಿ.

ಈಗಲೂ ರಾತ್ರಿ ಗ್ರಿಲ್‌ಗೆ ಬೀಗ ಹಾಕುವಾಗ ಒಳಗಿನಿಂದ ಉಮ್ಮನ ಧ್ವನಿ ಕೇಳಿಸುತ್ತದೆ. ‘ಬಿಸ್ಮಿ ಹೇಳಿದೆಯಾ ಮಗನೇ?’ ಹೇಳಿದೆವೆಂದು ಉತ್ತರಿಸುತ್ತೇವೆ. ಒಂದೊಂದು ದಿನ ಮರೆತಿರುತ್ತೇವೆ. ಆಗ ಬೀಗ ತೆರೆದು, ಬಿಸ್ಮಿ ಹೇಳಿ, ಮತ್ತೆ ಹಾಕುತ್ತೇವೆ.

ಅಲ್ಲಾಹನು ನಮ್ಮ ಮನೆಗಳನ್ನೂ ನಮ್ಮ ನೆರೆಯವರ ಮನೆಗಳನ್ನೂ ಕಳ್ಳತನದಿಂದ, ಬೆಂಕಿಯಿಂದ, ಸಂಶಯದಿಂದ ಕಾಪಾಡಲಿ. ಆಮೀನ್.