ಕಪ್ಪು ಬೆಲ್ಲದ ಚಾಕೊಲೇಟು

ಬಿಸಿ ಚಾಕೊಲೇಟಿಗೆ ಚಕ್ಕೆ, ಒಣಮೆಣಸಿನಕಾಯಿ ಹಾಕಿ ಕುಡಿಯೋ ಪದ್ಧತಿ ಮೆಕ್ಸಿಕೋದ್ದು. ಅದಕ್ಕೂ ನಮ್ಮ ಚಿಕ್ಕರಸಿನಕೆರೆಗೂ ಎಲ್ಲಿಯ ನಂಟು ಅಂತೀರಾ? ಲೆಕ್ಕ ಹಾಕಿ ನೋಡಿ. ನಾವು ದಿನಾ ಸಾರಿಗೆ ಹಾಕೋ ಮೆಣಸಿನಕಾಯಿ ಆ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಕಬ್ಬು ಈ ಕಡೆಯದು, ಸ್ಪೇನಿನವರ ಜೊತೆ ಅಲ್ಲಿಗೆ ಹೋಯ್ತು. ಈಗಲೂ ಅಲ್ಲಿ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹುಯ್ತಾರೆ. ಪಿಲೋನ್ಸಿಯೊ ಅಂತ ಅದರ ಹೆಸರು, ನಮ್ಮ ಅಚ್ಚುಬೆಲ್ಲದ ತಮ್ಮ. ಕೋಕೋನೂ ಈಗ ದೂರದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಬೆಳೀತಾರೆ, ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಇದೆ.

ಇಬ್ಬರಿಗೆ ಮಾಡೋದಾದರೆ, ಅರ್ಧ ಲೋಟ ನೀರಿಗೆ ಬೆರಳುದ್ದ ಚಕ್ಕೆ, ಬೀಜ ಉದುರಿಸಿದ ಅರ್ಧ ಬ್ಯಾಡಗಿ ಮೆಣಸಿನಕಾಯಿ ಹಾಕಿ 5 ನಿಮಿಷ ಕುದಿಸಿ. (ನಮ್ಮವ್ವ ಪಾತ್ರೆ ಬಗ್ಗಿ ನೋಡಿ, "ಯಾರ್ಗವ್ವ ದಿಷ್ಟಿ ತಗೀತಿದ್ದೀಯ?" ಅಂದಳು.) ಸೋಸಿ, 2 ಚಮಚ ಸಕ್ಕರೆ ಇಲ್ಲದ ಕೋಕೋ ಪುಡಿ, 3 ಚಮಚ ಕುಟ್ಟಿದ ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ ಗಂಟಿಲ್ಲದಂತೆ ಕುದಿಸಿ. ಒಲೆ ಆರಿಸಿದ ಮೇಲೇ, ಬೇರೆ ಕಾಯಿಸಿಟ್ಟ ಒಂದೂವರೆ ಲೋಟ ಹಾಲು ಹುಯ್ಯಿರಿ. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯುತ್ತೆ ಅನ್ನೋದನ್ನ ಪಾಯಸ ಮಾಡೋರಿಗೆ ಹೇಳಬೇಕಾ? ಆಮೇಲೆ ನೊರೆ. ಅಲ್ಲಿನವರು ಮೊಲಿನೀಯೊ ಅನ್ನೋ ಮರದ ಕಡಗೋಲನ್ನು ಅಂಗೈ ನಡುವೆ ಉಜ್ಜಿ ತಿರುಗಿಸ್ತಾರೆ. ನಮಗೆ ಮಜ್ಜಿಗೆ ಕಡೆಯೋದೇ ಸಾಕು.

ಬೆಲ್ಲ ಮಾತ್ರ ಕಪ್ಪಗಿರಲಿ. ನಮ್ಮ ಕಡೆ ಬೆಲ್ಲಕ್ಕೆ ಬಣ್ಣ ನೋಡಿ ಬೆಲೆ ಕಟ್ತಾರೆ. ಬಣ್ಣ ಬರಲಿ ಅಂತ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಬೀಳುತ್ತೆ. ಅಪ್ಪ ಹೋದ ವರ್ಷ ಪುಡಿ ಹಾಕಿಸದೆ ಬೆಲ್ಲ ಮಾಡಿಸಿದ್ರು. ಮಂಡಿಯಲ್ಲಿ "ಕಪ್ಪು" ಅಂತ ರೇಟು ಇಳಿಸಿದರು. ಅಷ್ಟಕ್ಕೆ ಕೊಡಲಾರದೆ ವಾಪಸ್ ತಂದ ಅಚ್ಚುಗಳು ಅಟ್ಟದ ಮೇಲಿದ್ದವು.

ಬಿಳಿ ಬೆಲ್ಲ ಹಾಕಿದರೆ ಈ ಚಾಕೊಲೇಟು ಬರೀ ಸಿಹಿ. ಕಪ್ಪು ಬೆಲ್ಲದಲ್ಲಿ ಕೊಪ್ಪರಿಗೆ ತಳದ ಘಮ ಇರುತ್ತೆ, ಕೋಕೋದ ಕಹಿಗೆ ಸರಿಜೋಡಿ. ಅಪ್ಪ ಎರಡು ಗುಟುಕು ಕುಡಿದು, "ಮೊದ್ಲು ಬೆಲ್ಲ ಸಿಕ್ತದೆ, ಖಾರ ಆಮೇಲ್ ಬತ್ತದೆ ಕಣವ್ವ" ಅಂದ್ರು. ಮಂಡಿಯಲ್ಲಿ ಯಾರೂ ಆ ಬೆಲ್ಲವನ್ನ ಬಾಯಿಗೆ ಹಾಕಿ ನೋಡಿರಲಿಲ್ಲ.

ಮುಂದಿನ ಸಲ ಅಂಗಡಿಯಲ್ಲಿ ಪುಡಿ ಹಾಕದ ಕಪ್ಪು ಬೆಲ್ಲ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕೇಳೋರಿದ್ದರೆ ತಾನೆ ಮಾಡೋರು ಉಳಿಯೋದು?