ಉಬ್ಬಸವೋ, ಹೃದಯವೋ?

ಉರ್ದುವಿನಲ್ಲಿ ದಮ್ ಎಂದರೆ ಉಸಿರು, ದಮಾ ಎಂದರೆ ಉಬ್ಬಸ. ನಮ್ಮ ಓಣಿಗಳ ಕನ್ನಡದಲ್ಲಿ ಎರಡೂ ಸೇರಿ 'ದಮ್ಮು' ಎಂಬ ಒಂದೇ ಮಾತಾಗಿದೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ ಈ ಬೆರಕೆ ಇಷ್ಟವೇ. ಆದರೆ ಕಾಯಿಲೆಯ ವಿಷಯದಲ್ಲಿ ಒಂದು ಹೆಸರು ಇನ್ನೊಂದು ರೋಗವನ್ನು ಮರೆಮಾಡಬಲ್ಲದು. ಇದು ನಮಗೆ ಗೊತ್ತಾದದ್ದು ಖಾಲಾ ಅವರಿಂದ.

ಖಾಲಾಗೆ ಮೂರು ದಿಂಬುಗಳಿಗೆ ಒರಗದೆ ನಿದ್ದೆ ಬರುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುವುದು, ಎದ್ದು ಕೂತರೆ ಹಗುರ. ಸಂಜೆಯಾದರೆ ಪಾದಗಳಲ್ಲಿ ಬಾವು. ಊರಿನಲ್ಲಿ ಇದಕ್ಕೆ ದಮ್ಮು ಎಂದೇ ಹೆಸರಿತ್ತು. ಇನ್‌ಹೇಲರ್ ಕೂಡ ಬಂದಿತ್ತು. ಒಂದು ನಡುರಾತ್ರಿ ತುಟಿ ನೀಲಿಗಟ್ಟಿದಾಗ ಅವರನ್ನು ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಒಯ್ದೆವು.

ಪಾಳಿಯಲ್ಲಿದ್ದ ಯುವ ವೈದ್ಯೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಎದೆಯಲ್ಲಿ ಸಿಳ್ಳಿನ ಸದ್ದು. ಆದರೆ ಹೃದಯ ಸೋತಾಗಲೂ ಅಂಥ ಸದ್ದು ಬರುವುದುಂಟು. ಆಕೆ ಪುಟ್ಟ ಅಲ್ಟ್ರಾಸೌಂಡ್ ಯಂತ್ರವನ್ನು ಮಂಚದ ಬಳಿಗೇ ತಳ್ಳಿ ತಂದು, ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟರು. ಪರದೆಯಲ್ಲಿ ಮೇಲಿನಿಂದ ತಳದವರೆಗೆ ಇಳಿದ ಬಿಳಿ ಗೆರೆಗಳು ಕಂಡವು. ವೈದ್ಯರ ಮಾತಿನಲ್ಲಿ ಇವು 'ಬಿ ಲೈನ್'ಗಳು. ಶ್ವಾಸಕೋಶದಲ್ಲಿ ನೀರು ಜಿನುಗಿದಾಗ ಇವು ಎದೆಯ ಎರಡೂ ಬದಿಗಳಲ್ಲಿ, ಹಲವು ಕಡೆ ಗುಂಪಾಗಿ ಕಾಣುತ್ತವೆ. ಆಮೇಲೆ ಹೃದಯವನ್ನು ನೋಡಿದರು: ಎಡಭಾಗ ಸರಿಯಾಗಿ ಹಿಂಡಿಕೊಳ್ಳುತ್ತಿರಲಿಲ್ಲ. ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ಆಮ್ಲಜನಕದ ಜೊತೆಗೆ ನೀರು ಇಳಿಸುವ ಇಂಜೆಕ್ಷನ್ ಶುರುವಾಯಿತು. ಬೆಳಗಿನ ಹೊತ್ತಿಗೆ ಖಾಲಾ ಒಂದೇ ದಿಂಬಿನ ಮೇಲೆ ಮಲಗಿದ್ದರು.

ಫ್ರಾನ್ಸಿನ ಲೇನೆಕ್ 1816ರಲ್ಲಿ ಕಾಗದ ಸುತ್ತಿ ಎದೆಯ ಸದ್ದು ಆಲಿಸಿದ್ದೇ ಸ್ಟೆತಾಸ್ಕೋಪಿನ ಆರಂಭ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್, ಲೋಹದ ಬಿರುಕು ಹುಡುಕುವ ಯಂತ್ರವನ್ನು ತಂದು ಹೃದಯದ ಚಲನೆ ದಾಖಲಿಸಿದರು. ಆದರೆ ಗಾಳಿ ಶಬ್ದತರಂಗವನ್ನು ತಡೆಯುವುದರಿಂದ ಶ್ವಾಸಕೋಶಕ್ಕೆ ಇದು ನಿರುಪಯೋಗಿ ಎಂದೇ ಬಹುಕಾಲ ನಂಬಲಾಗಿತ್ತು. ಆ ಗೆರೆಗಳಿಗೆ ಅರ್ಥವಿದೆ ಎಂದು 1997ರಲ್ಲಿ ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಲಿಖ್ಟೆನ್‌ಸ್ಟೈನ್ ಪ್ರಮುಖರು.

ಯಂತ್ರವೊಂದೇ ತೀರ್ಪು ಕೊಡುವುದಿಲ್ಲ. ನ್ಯುಮೋನಿಯಾದಲ್ಲೂ ಇಂಥ ಗೆರೆಗಳು ಬರುತ್ತವೆ. ಇಸಿಜಿ, ರಕ್ತಪರೀಕ್ಷೆ, ಪೂರ್ಣ ಎಕೋ ಬೇಕೇ ಬೇಕು. ಗೆರೆಯನ್ನು ಓದಬಲ್ಲ ಕಣ್ಣೂ ಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಮಾತಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಅಲ್ಟ್ರಾಸೌಂಡ್ ಬಳಸುವ ಕೇಂದ್ರ ನೋಂದಣಿಯಾಗಬೇಕು. ಯಂತ್ರವನ್ನು ಮನಬಂದಲ್ಲಿಗೆ ಒಯ್ಯುವಂತಿಲ್ಲ. ಹೆಣ್ಣುಮಕ್ಕಳ ಜೀವ ಕಾಯುವ ಈ ಬೇಲಿ ಸಡಿಲವಾಗುವುದು ನಮಗೆ ಬೇಡ. ಬೇಲಿಯೊಳಗೇ ದಾರಿ ಇದೆ: ನೋಂದಾಯಿತ ಯಂತ್ರ ಮತ್ತು ತರಬೇತಾದ ವೈದ್ಯರು ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಗೂ ಬರಲಿ. ನಗರ ತಲುಪುವಷ್ಟು ಉಸಿರು ಎಲ್ಲರ ಬಳಿಯೂ ಇರುವುದಿಲ್ಲ.

ಅಲ್ಲಿಯವರೆಗೆ ನಮ್ಮಿಂದಾಗುವುದು ಒಂದಿದೆ. ಮನೆಯ ಹಿರಿಯರು ಕೂತೇ ನಿದ್ದೆ ಮಾಡುತ್ತಿದ್ದರೆ, ಪಾದ ಊದುತ್ತಿದ್ದರೆ, 'ಹೃದಯವನ್ನೂ ಒಮ್ಮೆ ನೋಡಿ' ಎಂದು ವೈದ್ಯರನ್ನು ಕೇಳೋಣ. ಕೇಳಲು ಸಂಕೋಚ ಬೇಡ.