ನಮ್ಮ ಮನೆಯ ಕಂಸ

ಮನೆಗೊಂದು ಕನ್ನಡಿ ಇರಬೇಕೆಂಬುದು ಹಿರಿಯರ ಮತ. ಆದರೆ ಹದಿನಾಲ್ಕು ವರ್ಷದ ಮಗಳಿರುವ ಮನೆಯಲ್ಲಿ ಎಷ್ಟು ಕನ್ನಡಿಗಳಿರಬೇಕೆಂಬುದನ್ನು ಯಾವ ಶಾಸ್ತ್ರಕಾರರೂ ಹೇಳಿದಂತಿಲ್ಲ. ಒಂದೇ ಇದ್ದರೆ ಕ್ಷೌರಕ್ಕೆ ಕಾಯುವ ತಂದೆಗೆ ಕಚೇರಿಯ ಗಾಡಿ ತಪ್ಪುತ್ತದೆ. ಎರಡಿದ್ದರೆ ಮಗಳಿಗೆ ಶಾಲೆಯ ಗಂಟೆ ತಪ್ಪುತ್ತದೆ. ಕನ್ನಡಿಯ ಮುಂದೆ ನಿಲ್ಲುವವರಲ್ಲಿಯೂ ಎರಡು ಪಂಗಡಗಳುಂಟು. ತಾವು ಚೆನ್ನಾಗಿದ್ದೇವೆಯೇ ಎಂದು ನೋಡಿಕೊಳ್ಳುವವರದು ಒಂದು. ತಾವು ಇನ್ನಾರಾದರೂ ಆಗಬಲ್ಲೆವೇ ಎಂದು ನೋಡಿಕೊಳ್ಳುವವರದು ಇನ್ನೊಂದು. ಈ ಎರಡನೆಯವರಿಗೆ ಲೋಕವು ‘ನಾಟಕದ ಹುಚ್ಚು’ ಎಂದು ಹೆಸರಿಟ್ಟಿದೆ. ನಮ್ಮ ಮಗಳು ಈ ಪಂಗಡದವಳು.

ಇಲ್ಲಿ ‘ನಾವು’ ಎಂದ ಮಾತ್ರಕ್ಕೆ ವಾಚಕರು ಯಾವ ಸಂಸ್ಥಾನದ ಮಹಾರಾಜರೋ ಎಂದು ಭಾವಿಸಬೇಕಾಗಿಲ್ಲ. ಬಿ.ಎ. ಪಾಸಾಗಿ, ಸರಕಾರಿ ಕಚೇರಿಯಲ್ಲಿ ಹದಿನೈದು ವರ್ಷ ಟಿಪ್ಪಣಿ ಬರೆದ ಗುಮಾಸ್ತನ ಕೈಗೆ ‘ನಾನು’ ಎಂಬ ಶಬ್ದ ಬರುವುದೇ ಇಲ್ಲ. ಕಡತದಲ್ಲಿ ‘ನನಗನ್ನಿಸುತ್ತದೆ’ ಎಂದು ಬರೆದು ನೌಕರಿ ಉಳಿಸಿಕೊಂಡವರನ್ನು ನಾವು ಕಂಡಿಲ್ಲ. ಆದ್ದರಿಂದ ಮನೆಯ ವಿಷಯದಲ್ಲಿಯೂ ನಾವು ‘ನಾವೇ’.

ನಮ್ಮ ವಾಸ ಡೊಂಬಿವಲಿ ಎಂಐಡಿಸಿಯಲ್ಲಿ. ನಾಟಕದ ಹುಚ್ಚು ಹಿಡಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ಜಾಗ ಸಿಗಲಾರದು. ಸಾವಿತ್ರಿಬಾಯಿ ಫುಲೆ ಕಲಾಮಂದಿರ ಇಲ್ಲಿಯೇ ಇದೆ; ಮರಾಠಿಯ ಒಳ್ಳೊಳ್ಳೆಯ ನಾಟಕಗಳು ನಮ್ಮ ಬಾಗಿಲಿಗೇ ಬರುತ್ತವೆ. ಸಾಲದ್ದಕ್ಕೆ ಇಲ್ಲಿಯ ಕಾರ್ಖಾನೆಗಳು ರಂಗಸಜ್ಜಿಕೆಯನ್ನೂ ಪುಕ್ಕಟೆಯಾಗಿ ಒದಗಿಸುತ್ತವೆ. 2014ರಲ್ಲಿ ಹಸಿರು ಬಣ್ಣದ ಮಳೆ ಬಿತ್ತೆಂದು ಪತ್ರಿಕೆಗಳಲ್ಲಿ ಬಂತು. 2020ರಲ್ಲಿ ರಸ್ತೆಯೇ ಗುಲಾಬಿಯಾಯಿತು. ಇನ್ನು ವಾಸನೆಯ ವಿಷಯ ಬೇಡ. ಅಂಥ ರಂಗಪರಿಣಾಮವನ್ನು ಯಾವ ನಾಟಕ ಕಂಪನಿಯೂ ಇದುವರೆಗೆ ಸಾಧಿಸಿಲ್ಲ.

ನಮ್ಮ ಮಗಳ ಹೆಸರನ್ನು ಇಲ್ಲಿ ಬರೆಯಕೂಡದೆಂದು ಅವಳ ಕಟ್ಟಪ್ಪಣೆಯಾಗಿದೆ. ಒಂಬತ್ತನೆಯ ಇಯತ್ತೆಯ ಗಣಿತದ ವಹಿಯ ಕೊನೆಯ ಪುಟದಲ್ಲಿ ಅವಳು ನಮ್ಮ ಸಂಸಾರದ ‘ಪಾತ್ರಪರಿಚಯ’ ಬರೆದಿಟ್ಟಿದ್ದಳು. ಗಣಿತದ ಪ್ರಗತಿಯನ್ನು ಪರೀಕ್ಷಿಸಲು ಹೋದ ನಮ್ಮ ಕಣ್ಣಿಗೆ ಅದು ಬಿತ್ತು. ಭಾಷೆಯನ್ನಷ್ಟು ತಿದ್ದಿ ಅದನ್ನು ಇಲ್ಲಿ ಕೊಡುತ್ತೇವೆ:

‘ಅಪ್ಪ: ರಾತ್ರಿ ಎಂಟರ ಮೇಲೆ ಪ್ರವೇಶ. ಮಾತು ಒಂದೇ, “ನೋಡೋಣ.” ಅವ್ವ: ಎಲ್ಲ ದೃಶ್ಯಗಳಲ್ಲಿಯೂ ಇದ್ದಾಳೆ; ವೇಷಬದಲು ಇಲ್ಲ, ಚಪ್ಪಾಳೆಯೂ ಇಲ್ಲ. ತಮ್ಮ: ಗುಂಪಿನಲ್ಲಿ ಒಬ್ಬ, ಒಬ್ಬನೇ ಇದ್ದರೂ ಗುಂಪಿನಷ್ಟೇ ಗದ್ದಲ. ಅಜ್ಜಿ: ದಿಗ್ದರ್ಶಕಿ, ಆದರೆ ರಂಗ ಬಿಟ್ಟು ಇಳಿಯುವುದಿಲ್ಲ. ನಾಯಕಿ: ನಾನು. ಬೇರೆ ಯಾರ ಅರ್ಜಿಯೂ ಬಂದಿಲ್ಲ.’

ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆವು. ಅವರು ನಕ್ಕರು, ‘ಚಪ್ಪಾಳೆಯೂ ಇಲ್ಲ’ ಎಂಬಲ್ಲಿ ಮಾತ್ರ ಸ್ವಲ್ಪ ತಡೆದು, ‘ಹುಡುಗಿಗೆ ಕಣ್ಣು ಅದಾವ ನೋಡ್ರಿ’ ಎಂದು ಒಲೆಯ ಕಡೆಗೆ ತಿರುಗಿದರು. ‘ನೋಡೋಣ’ ಎಂಬ ನಮ್ಮ ಮಾತಿನ ಬಗ್ಗೆ ಯಾರೂ ಆಕ್ಷೇಪ ಎತ್ತಲಿಲ್ಲ.

ಇಷ್ಟು ಧೈರ್ಯವಾಗಿ ತನ್ನನ್ನು ನಾಯಕಿಯೆಂದು ಬರೆದುಕೊಂಡ ಹುಡುಗಿ ಆ ದಿನಗಳಲ್ಲಿ ಶಾಲೆಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಕಾರಣವಿಷ್ಟೆ: ಅವಳ ಧ್ವನಿ ದಪ್ಪ. ಹನ್ನೆರಡು ತುಂಬುವವರೆಗೆ ಎಲ್ಲರ ಮಕ್ಕಳಂತೆಯೇ ಇತ್ತು. ಆಮೇಲೆ ಬಾವಿಯೊಳಗಿನಿಂದ ಕರೆದಂತೆ ಗಂಭೀರವಾಯಿತು. ಟೆಲಿಫೋನು ಎತ್ತಿದರೆ ಆ ಕಡೆಯವರು ಅವಳನ್ನು ನಾವೆಂದೇ ತಿಳಿದು ಕಚೇರಿಯ ವಿಷಯ ಆರಂಭಿಸುತ್ತಿದ್ದರು. ನಮ್ಮ ತಾಯಿಯವರು ಧಾರವಾಡದ ಕಡೆಯ ಹಿರಿಯರು. ‘ಹೆಣ್ಣುಹುಡುಗಿ ಧ್ವನಿ ಅಡಿಗಿಮನಿ ದಾಟಬಾರದವಾ, ಸಣ್ಣಗ ಮಾತಾಡು’ ಎಂದು ದಿನಕ್ಕೆ ನಾಲ್ಕು ಸಲ ಹೇಳುವರು. ಶಾಲೆಯ ಸ್ನೇಹಸಮ್ಮೇಳನದ ನಾಟಕದಲ್ಲಿ ಅವಳಿಗೆ ಸಿಕ್ಕ ಪಾತ್ರ ಮರದ್ದು. ‘ಮರಕ್ಕೆ ಮಾತಿಲ್ಲ, ಅದಕ್ಕೇ ಕೊಟ್ಟರು’ ಎಂದು ಮನೆಗೆ ಬಂದು ನಗುತ್ತಲೇ ಹೇಳಿದಳು. ಆದರೆ ಅಂದಿನಿಂದ ತರಗತಿಯಲ್ಲಿ ಹಾಜರಿ ಕೂಗುವಾಗ ಬಾಯಿ ಮುಚ್ಚಿ ಬರಿಯ ಕೈ ಎತ್ತುತ್ತಿದ್ದಳೆಂಬುದು ಪಾಲಕರ ಸಭೆಗೆ ಹೋದಾಗ ನಮಗೆ ತಿಳಿಯಿತು. ಎರಡು ತಿಂಗಳು ಅವಳು ಹಾಗೆ ಕೈ ಎತ್ತಿದ್ದಳು. ಮನೆಯಲ್ಲಿ ನಾಯಕಿ, ಶಾಲೆಯಲ್ಲಿ ಮರ. ಈ ದ್ವಿಪಾತ್ರಾಭಿನಯ ನಮಗೆ ಅಷ್ಟಾಗಿ ಹಿಡಿಸಲಿಲ್ಲ.

ದೈವದ ದಾರಿ ಬೇರೆ ಇತ್ತು. ಗಣೇಶೋತ್ಸವದ ದಿನ ಸಂಘದ ಸಭಾಗೃಹದಲ್ಲಿ ಊಟವಾದ ಮೇಲೆ ಅವಳ ಚಪ್ಪಲಿ ಕಾಣದಾಯಿತು. ಆ ತುದಿಯಲ್ಲಿದ್ದ ತಮ್ಮನನ್ನು ಈ ತುದಿಯಿಂದ ಕೂಗಿದಳು. ಸಭಾಗೃಹ ಒಂದು ಕ್ಷಣ ಸ್ತಬ್ಧವಾಯಿತು. ರಾಜ್ಯೋತ್ಸವಕ್ಕೆ ಮಕ್ಕಳಿಂದ ಪೌರಾಣಿಕ ನಾಟಕ ಆಡಿಸುತ್ತಿದ್ದ ಹಿರಿಯರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, ‘ಯಾರದು? ನನಗ ಕಂಸ ಸಿಕ್ಕಾ!’ ಎಂದರು. ಚಪ್ಪಲಿಯೂ ಸಿಕ್ಕಿತು.

ಇನ್ನು ಮನೆಯೊಳಗೆ ವಾದವಿವಾದ. ‘ಹೆಣ್ಣುಹುಡುಗಿ ಮೀಸಿ ಹಚ್ಚಿಕೊಂಡು ಕಂಸ ಆಗೂದಂದ್ರ!’ ಎಂದು ತಾಯಿಯವರು. ‘ಬರೂ ವರ್ಷ ಹತ್ತನೇ ಇಯತ್ತೆ’ ಎಂದು ನಮ್ಮ ಮನೆಯವರು. ನಾವು ಎಂದಿನಂತೆ ‘ನೋಡೋಣ’ ಎಂದೆವು. ಮಗಳು ವಹಿಯ ಕೊನೆಯ ಪುಟದ ಕಡೆಗೆ ಕಣ್ಣು ಹಾಯಿಸಿದಳು. ಆದ್ದರಿಂದ ಇನ್ನೂ ನಾಲ್ಕು ಮಾತು ಸೇರಿಸುವುದು ನಮ್ಮ ಕರ್ತವ್ಯವಾಯಿತು.

ನಾವು ಬಿ.ವಿ. ಕಾರಂತರ ಉದಾಹರಣೆ ಕೊಟ್ಟೆವು. ದಕ್ಷಿಣ ಕನ್ನಡದ ಮಂಚಿಯವರು. ಹುಡುಗರಾಗಿದ್ದಾಗಲೇ ನಾಟಕದ ಸೆಳೆತಕ್ಕೆ ಸಿಕ್ಕಿ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ಇಷ್ಟು ಹೇಳುವಷ್ಟರಲ್ಲಿ ನಮ್ಮ ಮನೆಯವರು ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದರು. ಕಥೆಯ ಉಳಿದರ್ಧವನ್ನು ಅವಸರದಿಂದ ಹೇಳಬೇಕಾಯಿತು: ಆ ಹುಡುಗನನ್ನು ಓದಲೆಂದು ಕಾಶಿಗೆ ಕಳಿಸಿದವರು ಅದೇ ಕಂಪನಿಯ ಮಾಲೀಕ ಗುಬ್ಬಿ ವೀರಣ್ಣನವರು. ಅಲ್ಲಿ ಎಂ.ಎ. ಮಾಡಿಕೊಂಡ ಕಾರಂತರೇ ಮುಂದೆ 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ‘ಹಂಗಾದ್ರ ಮೊದಲ ಓದಿದ್ದು ಹೇಳ್ರಿ, ಆಮ್ಯಾಲೆ ಓಡಿದ್ದು ಹೇಳ್ರಿ’ ಎಂದು ನಮ್ಮ ಮನೆಯವರು ಅನುಮತಿ ಕೊಟ್ಟರು.

ಮೀಸೆಯ ಪ್ರಶ್ನೆಯನ್ನು ಬಿಡಿಸಿದವರು ಪಕ್ಕದ ಮನೆಯ ಮರಾಠಿ ಕಾಕಾ. ಅವರ ಪ್ರವೇಶವಾದದ್ದು ಹೀಗೆ. ನಮ್ಮ ಬಡಾವಣೆಯಲ್ಲಿ ದೊಡ್ಡ ಸದ್ದೆಂದರೆ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಪ್ರಾಣಹಾನಿಯಾದ ಊರು ಇದು. ನಮ್ಮ ಮಗಳು ಮೊದಲ ದಿನ ಕಂಸನ ಅಟ್ಟಹಾಸ ಮಾಡಿದಾಗ ಮಹಡಿಯ ನಾಲ್ಕೂ ಬಾಗಿಲು ಒಟ್ಟಿಗೇ ತೆರೆದವು. ಸ್ಫೋಟವಲ್ಲ, ನಾಟಕ ಎಂದು ತಿಳಿದ ಮೇಲೆ ಕಾಕಾ ಹಿಂತಿರುಗಲೇ ಇಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. ‘ಬಾಲಗಂಧರ್ವರು ಗಂಡಸು, ಅವರು ಉಟ್ಟ ಸೀರೆಯ ಮಾದರಿಯನ್ನು ಮಹಾರಾಷ್ಟ್ರದ ಹೆಂಗಸರು ಅನುಸರಿಸಲಿಲ್ಲವೇ? ಹುಡುಗಿ ಕಂಸನಾದರೆ ತಪ್ಪೇನು?’ ಎಂದು ಕೇಳಿದರು. ನಾವು ನಮ್ಮ ಕಡೆಯ ಸಾಕ್ಷಿಯನ್ನು ಹಾಜರುಪಡಿಸಿದೆವು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ಎಲ್ಲ ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ತಾವು ಸ್ವತಃ ಗದೆ ಹಿಡಿದು ಗಂಡುಪಾತ್ರಕ್ಕೆ ನಿಂತರು; ಕಂಸನ ಪಾತ್ರದಲ್ಲಿ ಹೆಸರಾದರು; 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ‘ಕಂಸನ ಪಾತ್ರಕ್ಕ ಪದ್ಮಶ್ರೀ ಕೊಡ್ತಾರ?’ ಎಂದು ತಾಯಿಯವರು ಕೇಳಿದರು. ಅವರ ಧ್ವನಿಯಲ್ಲಿ ಕಂಸನ ಮೇಲೆ ಕೊಂಚ ಗೌರವ ಮೂಡಿದಂತೆ ಕಂಡಿತು.

ಅಂದು ಕಾಕಾ ಮತ್ತು ನಮ್ಮ ನಡುವೆ ರಂಗಭೂಮಿಯ ಗಡಿವಿವಾದವೂ ನಡೆದು ಸುಖಾಂತವಾಯಿತು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ ಆಡಿದರು, ಮರಾಠಿ ನಾಟಕ ಅಲ್ಲಿಂದ ಆರಂಭ ಎಂದು ಅವರು. ಅದಕ್ಕೆ ಮೊದಲು ಸಾಂಗ್ಲಿಯ ಅರಸರು ಕರ್ನಾಟಕದಿಂದ ಬಂದ ಭಾಗವತರ ಆಟ ನೋಡಿ, ಅಂಥದು ಮರಾಠಿಯಲ್ಲಿಯೂ ಆಗಲೆಂದು ಭಾವೆಯವರಿಗೆ ಹೇಳಿದರು ಎಂದು ನಾವು. ಎರಡೂ ನಿಜವಾದ್ದರಿಂದ ಇಬ್ಬರೂ ಗೆದ್ದು ಚಹಾ ಕುಡಿದೆವು.

ಎಲ್ಲ ಸರಿಹೋಯಿತೆನ್ನುವಷ್ಟರಲ್ಲಿ ನಿಜವಾದ ತೊಡಕು ಎದ್ದಿತು. ನಮ್ಮ ಮಗಳು ಕನ್ನಡ ಮಾತಾಡುತ್ತಾಳೆ; ಓದಲು ಬಾರದು. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಅವಳಿಗೆ ದೊರೆತದ್ದು ಮರಾಠಿ, ಹಿಂದಿ. ಆದ್ದರಿಂದ ಕಂಸನ ಮಾತುಗಳನ್ನೆಲ್ಲ ಅವಳು ದೇವನಾಗರಿಯಲ್ಲಿ ಬರೆದುಕೊಂಡಳು. ಈ ಊರುಗಳಲ್ಲಿ ಅನೇಕ ಕನ್ನಡ ಮಕ್ಕಳು ಹೀಗೆಯೇ ಮಾಡುತ್ತಾರೆ. ವಾಚಕರ ಮನೆಗಳಲ್ಲಿಯೂ ಇಂಥ ವಹಿಗಳಿದ್ದಾವು. ಆದರೆ ಆ ಲಿಪಿಯಲ್ಲಿ ನಮ್ಮ ಎ-ಏಗಳಿಗೆ ಇರುವುದು ಒಂದೇ ಅಕ್ಷರ, ಒ-ಓಗಳಿಗೂ ಒಂದೇ. ಬರೆದುಕೊಂಡದ್ದನ್ನೇ ನಂಬಿ ಅವಳು ಸೆರೆಮನೆಯ ಮುಂದೆ ನಿಂತು, ನಾಗರತ್ನಮ್ಮನವರೂ ಮೆಚ್ಚುವಂಥ ಧ್ವನಿಯಲ್ಲಿ ಗರ್ಜಿಸಿದಳು:

‘ಎಲೈ ಕಾವಲುಗಾರ, ಬಾಗಿಲು ತೇಗೆ! ದೇವಕೀ, ಆ ಕೂಸನ್ನು ಕೋಡು!’

ಅಡಿಗೆಮನೆಯಿಂದ ಉತ್ತರ ಬಂತು. ‘ತೇಗೂದು ಉಂಡಮ್ಯಾಲವಾ. ಬಾಗಿಲಾ ತೆಗೀತಾರ. ಕೋಡು ಎಮ್ಮಿಗಿರತಾವ, ಕೂಸಿನ್ನ ಕೊಡಬೇಕು.’

ಸೌಟು ಹಿಡಿದೇ ತಾಯಿಯವರು ಹೊರಗೆ ಬಂದರು. ಮೀಸೆಯ ವಿರುದ್ಧ ಮೂರು ವಾರ ಹೋರಾಡಿದವರು ಕೂಸಿಗೆ ಕೋಡು ಮೂಡುವುದನ್ನು ಮಾತ್ರ ಸಹಿಸದಾದರು. ಆಮೇಲೆ ತಿಳಿಯಿತು, ಹುಡುಗಿಯಾಗಿದ್ದಾಗ ಅವರು ತಮ್ಮ ತಂದೆಯ ಹೆಗಲ ಮೇಲೆ ಕುಳಿತು ಏಣಗಿ ಬಾಳಪ್ಪನವರ ಕಂಪನಿಯ ನಾಟಕ ನೋಡಿದ್ದರಂತೆ. ಮೂವತ್ತೊಂಬತ್ತು ವರ್ಷ ಅವರ ಮಗನಾಗಿದ್ದರೂ ಈ ಸಂಗತಿ ನಮ್ಮ ಕಡತದಲ್ಲಿ ಇರಲಿಲ್ಲ.

ಮರುದಿನದಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಅಕ್ಷರಾಭ್ಯಾಸ. ಎಲ್ಲರೂ ಅ-ಆದಿಂದ ಆರಂಭಿಸಿದರೆ ನಮ್ಮ ಮಗಳು ಎ-ಏದಿಂದ ಆರಂಭಿಸಿದಳು. ತೆಗೆ, ತೇಗು. ಕೊಡು, ಕೋಡು. ಎಡೆ ದೇವರ ಮುಂದೆ, ಏಡಿ ಹೊಳೆಯಲ್ಲಿ. ಬೆರೆ ಎಂದರೆ ಕೂಡಿಕೊಳ್ಳುವುದು, ಬೇರೆ ಎಂದರೆ ಅಗಲಿರುವುದು. ‘ಅಪ್ಪಾ, ಒಂದು ಗೆರಿ ಹೆಚ್ಚಾದ್ರ ಅರ್ಥಾನ ಉಲ್ಟಾ ಆಗ್ತದ!’ ಎಂದು ಆಶ್ಚರ್ಯಪಟ್ಟಳು. ಊರು ಬಿಟ್ಟು ಬಂದ ನಮಗೆ ಆ ಕೊನೆಯ ಜೋಡಿಯ ಮೇಲೆ ಒಂದೆರಡು ಮಾತು ಹೇಳಬೇಕೆನಿಸಿತ್ತು. ಆದರೆ ಅಜ್ಜಿ-ಮೊಮ್ಮಗಳ ಪಾಠ ಸಾಗಿತ್ತು. ನಾವು ಸುಮ್ಮನೆ ಕುಳಿತೆವು.

‘ಸಣ್ಣಗ ಮಾತಾಡು’ ಎನ್ನುತ್ತಿದ್ದ ತಾಯಿಯವರ ಪಾಠದಲ್ಲಿ ಆ ಮಾತು ಬರಲೇ ಇಲ್ಲ. ‘ಹಿಂದಿನ ಸಾಲಿನಾಗ ಕೂತ ಮುದುಕಿಗೂ ಕೇಳಬೇಕವಾ, ಎತ್ತರಿಸು’ ಎನ್ನತೊಡಗಿದರು. ಮಗಳು ಕನ್ನಡಿಯ ಮುಂದೆ ನಿಂತು ತಾಲೀಮು ನಡೆಸುತ್ತ ಒಂದು ಸಲ ಹೇಳಿದಳು: ‘ಅಪ್ಪಾ, ಇಷ್ಟು ದಿವಸ ಈ ಧ್ವನಿ ಯಾರದೋ ನನ್ನ ಹತ್ರ ಉಳಿದುಬಿಟ್ಟದ, ವಾಪಸು ಕೊಡಬೇಕು ಅನ್ನಿಸ್ತಿತ್ತು. ಈಗ ನನ್ನದ ಅನ್ನಿಸ್ತದ. ಇದಕ್ಕ ಸೊಕ್ಕು ಅಂತಾರೇನು?’ ನಾವು ‘ನೋಡೋಣ’ ಎನ್ನಲಿಲ್ಲ. ಸೊಕ್ಕಲ್ಲವೆಂದು ಹೇಳಿದೆವು. ತನ್ನನ್ನು ತಾನು ಮೆಚ್ಚಿಕೊಳ್ಳುವುದಕ್ಕೂ ಸೊಕ್ಕಿಗೂ ನಡುವೆ ಒಂದು ಗೆರೆಯಷ್ಟೇ ಅಂತರವಿದ್ದೀತು, ತೆಗೆ-ತೇಗುವಿಗೆ ಇರುವಂತೆ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ಮೊದಲನೆಯದು ಇಲ್ಲದೆ ಹೋದರೆ ಮಗು ಬರಿಯ ಕೈ ಎತ್ತುತ್ತದೆಂಬುದನ್ನು ನಾವು ಕಂಡಿದ್ದೇವೆ.

ನಾಟಕದ ವರದಿಯನ್ನು ಚಿಕ್ಕದಾಗಿ ಮುಗಿಸುತ್ತೇವೆ. ಮಗಳ ನಾಟಕದ ವರ್ಣನೆಗೆ ತಂದೆ ಕುಳಿತರೆ ಸಂಪಾದಕರಿಗೆ ಪುಟ ಸಾಲದು. ಬಾಗಿಲು ತೆಗೆಯಿತು. ಕೂಸನ್ನು ಕೊಟ್ಟರು. ಕಂಸನ ನಗೆಗೆ ಮುಂದಿನ ಸಾಲಿನ ಒಂದು ಎಳೆಯ ಮಗು ಬೆದರಿ ಅತ್ತು, ಅದರ ತಾಯಿ ಅದನ್ನು ಎತ್ತಿಕೊಂಡು ಹೊರಗೆ ಓಡಿದರು. ಇದಕ್ಕಿಂತ ದೊಡ್ಡ ಪಾರಿತೋಷಕ ಬೇಡವೆಂದು ಮಗಳ ಮತ. ಕಾಕಾ ಒಂದಕ್ಷರ ಕನ್ನಡ ತಿಳಿಯದೆಯೂ ಮೂರು ಕಡೆ ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಕಂಸನು ಮೀಸೆಯೊಂದಿಗೇ ಕೆಳಗಿಳಿದು ಬಂದು, ತಮ್ಮನನ್ನೂ ಕರೆದುಕೊಂಡು, ತನ್ನ ಅವ್ವನ ಮುಂದೆ ನಿಂತು ಚಪ್ಪಾಳೆ ತಟ್ಟಿದನು. ‘ಇದೇನಿದು ಹುಚ್ಚಾಟ’ ಎಂದು ನಮ್ಮ ಮನೆಯವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಆ ಸೋಮವಾರ ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಕೈ ಎತ್ತಲಿಲ್ಲ. ಬಾಯಿ ತೆರೆದು ‘ಹಾಜರ್’ ಎಂದಳಂತೆ. ಪಕ್ಕದ ತರಗತಿಯವರೂ ತಿರುಗಿ ನೋಡಿದರೆಂದು ತಮ್ಮ ವರದಿ ತಂದನು. ಗುಂಪಿನ ಪಾತ್ರದವರ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರುವುದು ಸಹಜ.

ಈಗ ನಮಗೆ ಹೊಸ ಸಂಕಟ ಒದಗಿದೆ. ಇಷ್ಟು ವರ್ಷ ಈ ತ್ರೈಮಾಸಿಕದಲ್ಲಿ ನಾವು ಏನು ಬರೆದರೂ ಮನೆಯಲ್ಲಿ ಪ್ರಶ್ನಿಸುವವರಿರಲಿಲ್ಲ. ತಾಯಿಯವರಿಗೆ ಕಣ್ಣು ಮಂದ, ನಮ್ಮ ಮನೆಯವರಿಗೆ ಪುರಸೊತ್ತಿಲ್ಲ, ಮಕ್ಕಳಿಗೆ ಲಿಪಿ ಬಾರದು. ಇನ್ನು ಮೇಲೆ ಹಾಗಿಲ್ಲ. ಈ ಸಂಚಿಕೆ ಬಂದ ದಿನ ಒಬ್ಬಳು ಬೆರಳಿಟ್ಟು, ಎ ಬೇರೆ ಏ ಬೇರೆಯಾಗಿ, ನಿಧಾನವಾಗಿ, ಮಹಡಿಗೆಲ್ಲ ಕೇಳುವಂತೆ ಇದನ್ನು ಓದುವವಳಿದ್ದಾಳೆ. ಆದ್ದರಿಂದ ಹೆಸರನ್ನು ಬರೆದಿಲ್ಲ. ದೀರ್ಘಗಳನ್ನು ಎರಡೆರಡು ಸಲ ನೋಡಿದ್ದೇವೆ.